ಬಿಸಿಯಿದ್ದಾಗಲೇ ಸೋಸಬೇಕು

ಪರದೆಯ ಮೇಲಿನ ಗ್ರಾಫಿನಲ್ಲಿ ಎರಡು ಕಂಬಗಳಿದ್ದವು. ಒಂದು ಎತ್ತರ, ಒಂದು ಗಿಡ್ಡ.

ಎತ್ತರದ್ದು ಶಿರೀನಳದು. ಅದನ್ನು ಅಷ್ಟೆತ್ತರಕ್ಕೆ ತರಲು ಅವಳಿಗೆ ನಾಲ್ಕು ವರ್ಷ ಹಿಡಿದಿತ್ತು. ಗಿಡ್ಡದ್ದು ಯೂನುಸನದು. ಅವನು ಮುಂಬೈಯ ಪರೇಲಿನ ಆ ಪ್ರಯೋಗಾಲಯಕ್ಕೆ ಬಂದು ಇನ್ನೂ ಆರು ವಾರವಾಗಿತ್ತಷ್ಟೆ.

ಶಿರೀನಳ ಪ್ರಯೋಗವನ್ನು ತಾನು ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ಅವಳು ಕಂಡದ್ದು ತನಗೆ ಕಾಣಿಸಲಿಲ್ಲ ಎಂದು ಅವನು ಇಂಗ್ಲಿಷಿನಲ್ಲಿ ಹೇಳಿ ಕೂತುಬಿಟ್ಟ. ದನಿ ಏರಿಸಲಿಲ್ಲ. ರೈಲಿನ ವೇಳೆ ಹೇಳುವವರ ಹಾಗೆ ಹೇಳಿದ.

ಸಭೆಯಲ್ಲಿ ಎಂಟು ಜನರಿದ್ದರು. ಒಬ್ಬರೂ ಶಿರೀನಳತ್ತ ನೋಡಲಿಲ್ಲ. ನೋಡಿದ್ದರೆ ಇಷ್ಟು ಅವಮಾನವಾಗುತ್ತಿರಲಿಲ್ಲವೇನೋ...

ಪ್ರಯೋಗಾಲಯದ ಮುಖ್ಯಸ್ಥೆ ಶೀಲಾವತಿ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಬ್ಬರ ಫಲಿತಾಂಶ ಒಂದಾಗುವವರೆಗೆ ಶಿರೀನಳ ಲೇಖನ ಎಲ್ಲಿಗೂ ಹೋಗುವುದಿಲ್ಲ ಎಂದರು. ಆ ಲೇಖನ ಹೋಗದಿದ್ದರೆ ಅವಳ ಪಿಎಚ್‌ಡಿ ಪ್ರಬಂಧದ ದೊಡ್ಡ ಅಧ್ಯಾಯವೇ ಬಿದ್ದುಹೋಗುತ್ತಿತ್ತು. ಸಲ್ಲಿಸಲು ಇದ್ದದ್ದು ಮೂರು ತಿಂಗಳು.

ಕಾರಿಡಾರಿನಲ್ಲಿ ಅವಳು ಅವನನ್ನು ದಾಟಿ ಹೊರಟಾಗ ಹಿಂದಿನಿಂದ ಕನ್ನಡ ಕೇಳಿಸಿತು. ಅವಳ ಅಪ್ಪನ ಬಾಯಲ್ಲಿ ಬರುವಂಥದೇ, ವಿಜಯಪುರದ ಕಡೆಯ ಕನ್ನಡ.

"ನಿಮ್ದು ತಪ್ಪೈತಿ ಅಂತ ನಾ ಹೇಳಿಲ್ರಿ. ನನಗ ಕಾಣಲಿಲ್ಲ ಅಂತ ಅಷ್ಟ ಹೇಳೀನಿ."

ಶಿರೀನ್ ನಿಂತಳು. ಮುಂಬೈಯಲ್ಲೇ, ಭಾಂಡುಪಿನಲ್ಲಿ ಹುಟ್ಟಿ ಬೆಳೆದವಳು. ಕನ್ನಡ ಅವಳಿಗೆ ಕಿವಿಯಲ್ಲಿ ಇದ್ದಷ್ಟು ನಾಲಿಗೆಯಲ್ಲಿ ಇರಲಿಲ್ಲ. ಆದರೂ ಆ ಹೊತ್ತಿಗೆ ಅದೇ ಬಂತು.

"ಮೀಟಿಂಗ್‌ಗಿಂತ ಮೊದ್ಲು ನನಗ ಹೇಳಬಹುದಿತ್ತಲ್ಲ... ಸಬ್‌ಕೆ ಸಾಮನೇ, ಎಲ್ಲರ ಮುಂದ ಯಾಕ?"

ಇಂಥ ಕಥೆಗಳಲ್ಲಿ ನಾಯಕ ನೋಡಲು ಚೆಂದವಿರಬೇಕು ಎಂಬುದು ರೂಢಿ. ಯೂನುಸ ಹಾಗೇನೂ ಇರಲಿಲ್ಲ. ಮೂವತ್ತೊಂದು ವಯಸ್ಸು, ಮುದ್ದೇಬಿಹಾಳದವನು, ಇಸ್ತ್ರಿ ಕಾಣದ ಅಂಗಿ, ತಪ್ಪು ಮಾಡಿದಾಗ ಕೆಂಪಾಗುವ ಕಿವಿ. ಆ ಕಿವಿಗಳು ಆಗ ಕೆಂಪಾಗಿದ್ದವು. ಶಿರೀನ್ ಅದನ್ನು ಗಮನಿಸಲಿಲ್ಲ.

*

ಅವಳ ಕೆಲಸವನ್ನು ಹೇಳಿಬಿಡುವುದು ಒಳ್ಳೆಯದು. ಕಷ್ಟದ್ದೇನಲ್ಲ.

ಮೆದುಳಿನಲ್ಲಿ ಕಾವಲು ಕಾಯುವ ಕೋಶಗಳಿವೆ. ಮೈಕ್ರೋಗ್ಲಿಯಾ ಅನ್ನುತ್ತಾರೆ. ಸೋಂಕು ಬಂದರೆ ಅವು ಕೆರಳುತ್ತವೆ. ಆ ಕೆರಳಿಕೆಗೆ ಉರಿಯೂತ ಎಂದು ಹೆಸರು. ಡಾಲ್ಡಾದಲ್ಲಿ, ತಾಳೆ ಎಣ್ಣೆಯಲ್ಲಿ ಇರುವ ಪಾಲ್ಮಿಟಿಕ್ ಆಮ್ಲ ಎಂಬ ಕೊಬ್ಬಿನಂಶ ತಗಲಿದರೂ ಅವು ಕೆರಳುತ್ತವೆಯೇ? ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಆ ಕೊಬ್ಬು ಕೊಟ್ಟು ಶಿರೀನ್ ಹೌದು ಅಂದಿದ್ದಳು. ಯೂನುಸ ಇಲ್ಲ ಅಂದಿದ್ದ.

ತೊಡಕು ಒಂದೇ. ಕೊಬ್ಬು ನೀರಿಗೆ ಬೆರೆಯುವುದಿಲ್ಲ, ಕೋಶಗಳು ಬದುಕುವುದು ನೀರಿನಂಥ ದ್ರವದಲ್ಲಿ. ಅದಕ್ಕೇ ಕೊಬ್ಬನ್ನು ಮೊದಲು ಕರಗಿಸಿ, ಆಲ್ಬುಮಿನ್ ಎಂಬ ಪ್ರೋಟೀನಿನ ಬೆನ್ನಿಗೇರಿಸಿ ಕೊಡಬೇಕು. ಶಿರೀನ್ ಆಲ್ಕೋಹಾಲಿನಲ್ಲಿ ಕರಗಿಸುತ್ತಿದ್ದಳು. ಯೂನುಸ ಕಾಸ್ಟಿಕ್ ಸೋಡಾದ ನೀರಿನಲ್ಲಿ ಕಾಯಿಸಿ ಕರಗಿಸುತ್ತಿದ್ದ. ಇಬ್ಬರೂ ಪ್ರಯೋಗದ ಪುಸ್ತಕದಲ್ಲಿ ಬರೆದದ್ದು ಮಾತ್ರ ಒಂದೇ: ಕೊಬ್ಬು ಹಾಕಿದೆ, ಇಷ್ಟು ಹಾಕಿದೆ. ಹೇಗೆ ತಯಾರಿಸಿದೆ ಎಂದು ಬರೆಯುವ ಗೋಜಿಗೆ ಇಬ್ಬರೂ ಹೋಗಿರಲಿಲ್ಲ.

ಇನ್ನೊಂದು ಮಾತು. ಪ್ರತಿ ಪ್ರಯೋಗಕ್ಕೂ ಪಕ್ಕದಲ್ಲಿ ಕಂಟ್ರೋಲ್ ಅನ್ನುವ ತಟ್ಟೆ ಇರುತ್ತದೆ. ಅದಕ್ಕೆ ಉಳಿದೆಲ್ಲವನ್ನೂ ಹಾಕಿ, ಕೊಬ್ಬೊಂದನ್ನು ಮಾತ್ರ ಬಿಡಬೇಕು. ಆಗಲೇ ಕೆರಳಿಸಿದ್ದು ಕೊಬ್ಬೇ ಎಂದು ಎದೆ ತಟ್ಟಿ ಹೇಳಬಹುದು.

*

ಭಾಂಡುಪಿನ ಮನೆಯಲ್ಲಿ ಆ ವಾರ ಶಿರೀನ್ ಊಟದ ಹೊತ್ತಿಗೆ ಯೂನುಸನನ್ನು ಬೈದಷ್ಟು ಯಾರನ್ನೂ ಬೈದಿರಲಿಲ್ಲ. ಅವಳ ಅಮ್ಮಿ ನಜಮುನ್ನೀಸಾ ಎಲ್ಲ ಕೇಳಿಸಿಕೊಂಡು ಕೇಳಿದ್ದು ಎರಡೇ ಪ್ರಶ್ನೆ. ಹುಡುಗನ ಊರು ಯಾವುದು? ಊಟ ಎಲ್ಲಿ ಮಾಡುತ್ತಾನೆ?

ಕುರ್ಲಾದಲ್ಲಿ ಬಾಡಿಗೆ ಕೋಣೆ, ಊಟ ಮೆಸ್ಸಿನಲ್ಲಿ ಎಂದು ತಿಳಿದ ಮೇಲೆ ಅಮ್ಮಿಗೆ ಲೇಖನ, ಪ್ರಬಂಧ ಯಾವುದೂ ಮುಖ್ಯವಾಗಲಿಲ್ಲ. ನಮ್ಮ ಕಡೆಯ ಹುಡುಗ ಮೆಸ್ಸಿನ ಅನ್ನ ತಿನ್ನುವುದೆಂದರೇನು, ಭಾನುವಾರ ಊಟಕ್ಕೆ ಕರಿ ಎಂದು ಮೂರು ದಿನ ಬೆನ್ನು ಬಿಡಲಿಲ್ಲ. ನಾಲ್ಕನೆಯ ದಿನ ಶಿರೀನ್, ಬರಬೇಡ ಎಂದು ಕೇಳಿಸುವ ದನಿಯಲ್ಲೇ ಅವನನ್ನು ಕರೆದಳು.

"ಎಷ್ಟೊತ್ತಿಗೆ ಬರ್ಲಿ?" ಎಂದು ಕೇಳಿದ ಪುಣ್ಯಾತ್ಮ.

ಬಂದ. ಊರಿಂದ ಬಂದಿದ್ದ ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಬಂದ. ಜೋಳದ ರೊಟ್ಟಿ ಮುರಿದು ಖೀಮಾ ಬಾಯಿಗಿಟ್ಟು, ಕೇಳದೆಯೇ ಇನ್ನೊಂದು ರೊಟ್ಟಿಗೆ ಕೈಚಾಚಿದ. ಆಮೇಲೆ ಶಿರೀನಳ ಅಬ್ಬಾ ಕುತುಬುದ್ದೀನರ ಪಕ್ಕ ಕೂತು ಇಂಡಿ ತಾಲೂಕಿನ ನಿಂಬೆಹಣ್ಣಿನಿಂದ ಹಿಡಿದು ಭಾಂಡುಪಿನ ಸಾಬೂನು ಕಾರ್ಖಾನೆಯವರೆಗೆ ಎಲ್ಲ ಕೇಳಿದ. ಕುತುಬುದ್ದೀನ ಆ ಕಾರ್ಖಾನೆಯ ಕೊಪ್ಪರಿಗೆಯ ಮುಂದೆ ಮೂವತ್ತೊಂದು ವರ್ಷ ನಿಂತವರು. ಕಾರ್ಖಾನೆ ಮುಚ್ಚಿ, ಈಗ ಆ ಜಾಗದಲ್ಲಿ ನಲವತ್ತು ಮಹಡಿಯ ಬಿಲ್ಡಿಂಗ್ ನಿಂತಿತ್ತು. ಅವರ ಸಾಬೂನಿನ ಕಥೆ ಮನೆಮಂದಿಗೆಲ್ಲ ಬಾಯಿಪಾಠ. ಪ್ರಶ್ನೆ ಹಾಕಿ ಹಾಕಿ ಕೇಳಿದವನು ಇವನೇ ಮೊದಲಿಗ.

ಹೋಗುವ ಮುನ್ನ ತನ್ನ ತಟ್ಟೆ ತಾನೇ ತೊಳೆದಿಟ್ಟ. ಅಮ್ಮಿ ಬೇಡ ಬೇಡ ಅನ್ನುತ್ತಲೇ ಮಗಳ ಮುಖ ನೋಡಿದಳು.

ಮುಂದಿನ ಭಾನುವಾರವೂ ಬಂದ. ಊಟವಾದ ಮೇಲೆ ಶಿರೀನ್ ತಾನಾಗಿಯೇ ತನ್ನ ಪ್ರಯೋಗದ ವಿಷಯ ತೆಗೆದಳು. ಆಲ್ಕೋಹಾಲಿನಲ್ಲಿ ಹೇಗೆ ಕರಗಿಸುತ್ತಾಳೆ, ಯಾವ ತಟ್ಟೆಗೆ ಏನು ಹಾಕುತ್ತಾಳೆ, ಎಲ್ಲ ಹೇಳಿದಳು. ಅವನು ಎಲ್ಲವನ್ನೂ ಬರೆದುಕೊಂಡ. ಆಮೇಲೆ ತನ್ನ ಹಿಂದಿನ ಪ್ರಯೋಗಾಲಯದ ಕಥೆ ಹೇಳಿದ. ಅಲ್ಲಿ ಅವನ ಗೆಳೆಯ ಮುಜಾಹಿದನ ಲೇಖನ ಅಚ್ಚಾದ ಮೇಲೆ ಯಾರು ಮಾಡಿದರೂ ಆ ಫಲಿತಾಂಶ ಮತ್ತೆ ಬರಲಿಲ್ಲವಂತೆ. ಲೇಖನ ಹಿಂದೆ ತೆಗೆದುಕೊಂಡರು. ಮುಜಾಹಿದ ವಿಜ್ಞಾನವನ್ನೇ ಬಿಟ್ಟ. ಅದರಲ್ಲಿ ಏನೋ ತಪ್ಪಿದೆ ಎಂದು ಯೂನುಸನಿಗೆ ಮೊದಲೇ ಅನ್ನಿಸಿತ್ತು. ಹೇಳಲು ಸಂಕೋಚಪಟ್ಟು ಸುಮ್ಮನಿದ್ದ. ಅಂದಿನಿಂದ ಕಂಡದ್ದನ್ನು ಕಂಡ ಕೂಡಲೇ ಹೇಳಿಬಿಡುವ ಚಟ ಹತ್ತಿತು ಎಂದ.

ಶಿರೀನಳ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಅವಳು ಮರ್ಯಾದೆಗೆಂದು ಇಟ್ಟುಕೊಂಡಳು.

ಮೂರನೆಯ ಭಾನುವಾರ ಅವಳು ಬೆಳಿಗ್ಗೆ ಒಂಬತ್ತಕ್ಕೇ ತಲೆ ಬಾಚಿಕೊಂಡಳು. ಅವನು ಬರುವುದು ಹನ್ನೆರಡಕ್ಕೆ. *ಇದೇನು ಮಾಡ್ತಿದೀನಿ ನಾನು?* ಎಂದು ಕನ್ನಡಿಯನ್ನು ಕೇಳಿದಳು. ಕನ್ನಡಿ ಹೇಳುವ ಅಗತ್ಯ ಇರಲಿಲ್ಲ. ಅವಳಿಗೆ ಅವನು ಬೇಕಾಗಿದ್ದ.

*

ನಾಲ್ಕನೆಯ ಭಾನುವಾರ ಊಟಕ್ಕೆ ಬಗಾರಾ ಅನ್ನ ಇತ್ತು. ಕುತುಬುದ್ದೀನರು, ನಿಮ್ಮ ಕೆಲಸದಲ್ಲಿ ದಿನವಿಡೀ ಮಾಡುವುದೇನು ಎಂದು ಕೇಳಿದರು. ಯೂನುಸ ಉತ್ಸಾಹದಿಂದಲೇ ವಿವರಿಸಿದ. ಬಿಳಿ ಕೊಬ್ಬಿನ ಪುಡಿ, ಕಾಸ್ಟಿಕ್ ಹಾಕಿದ ನೀರು, ಎಪ್ಪತ್ತು ಡಿಗ್ರಿ ಕಾವು, ಕರಗಿ ತಿಳಿಯಾಗುವ ತನಕ ಕಾಯಿಸುವುದು...

ಮುದುಕ ಊಟ ಬಿಟ್ಟು ನಗತೊಡಗಿದರು.

"ಅಲ್ಲೋ ತಮ್ಮಾ, ಇಷ್ಟು ಓದಿ ನೀ ಮಾಡೂದು ಸಾಬೂನೇನು?"

ಯೂನುಸನೂ ನಕ್ಕ. ಹೌದು ಚಾಚಾ, ಲೆಕ್ಕಕ್ಕೆ ಸಾಬೂನೇ ಎಂದ. ಅದನ್ನು ಸಿರಿಂಜಿಗೆ ತುಂಬಿ, ಸೂಕ್ಷ್ಮ ಜಾಲರಿಯಲ್ಲಿ ಸೋಸಿ, ಆಮೇಲೆ ಆಲ್ಬುಮಿನ್‌ಗೆ ಬೆರೆಸುತ್ತೇನೆ. ಕೋಶಗಳ ಕೋಣೆಗೆ ಸೋಸದೆ ಏನೂ ಒಯ್ಯುವ ಹಾಗಿಲ್ಲ ಎಂದ.

"ಕಾಯಿಸೂದು ಎಲ್ಲಿ, ಸೋಸೂದು ಎಲ್ಲಿ?"

ಕಾಯಿಸುವುದು ಕಾರಿಡಾರಿನ ಆ ತುದಿಯ ಕೋಣೆಯಲ್ಲಿ, ಸೋಸುವುದು ಈ ತುದಿಯ ಎಸಿ ಕೋಣೆಯಲ್ಲಿ.

ಕುತುಬುದ್ದೀನರ ನಗು ನಿಂತಿತು. ಬಲಗೈ ಹೆಬ್ಬೆರಳನ್ನು ಎತ್ತಿ, ಸಿರಿಂಜು ಒತ್ತುವ ಹಾಗೆ ಗಾಳಿಯಲ್ಲಿ ಒತ್ತಿದರು.

"ಒತ್ತೂಮುಂದ ಬೆರಳಿಗೆ ಬಿಗಿ ಬಂತೇನು?"

ಯೂನುಸನ ತುತ್ತು ಕೈಯಲ್ಲೇ ಉಳಿಯಿತು. ಬಂದಿತ್ತು. ಮೂರು ಸಲವೂ ಬಿಗಿ ಬಂದಿತ್ತು. ಸಿರಿಂಜೇ ಸರಿಯಿಲ್ಲ ಅಂದುಕೊಂಡು ಜೋರಾಗಿ ಒತ್ತಿದ್ದ.

"ಆರಿದ ಸಾಬೂನು ಗಟ್ಟಿ ಆಗ್ತದ, ತಮ್ಮಾ. ಜಾಲರಿ ಮ್ಯಾಲ ಕುಂತು ಬಿಡ್ತದ. ಕೆಳಗ ಬರೂದು ಬರೇ ನೀರು. ಬಿಸಿ ಇದ್ದಾಗನ ಸೋಸಬೇಕು."

ಶಿರೀನಳಿಗೆ ಅರ್ಥವಾಯಿತು. ಅವನಿಗೂ ಅರ್ಥವಾಯಿತು. ಅವನ ಕೋಶಗಳು ಶಾಂತವಾಗಿದ್ದದ್ದು ಕೊಬ್ಬು ಏನೂ ಮಾಡದ್ದರಿಂದಲ್ಲ. ಅವುಗಳಿಗೆ ಕೊಬ್ಬು ತಲುಪಿಯೇ ಇರಲಿಲ್ಲ!

ಅವಳು ಅವನ ಮುಖ ನೋಡಿದಳು. ಅವನು ತಟ್ಟೆ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು. ಈ ಸಲ ಅವಳು ಅದನ್ನು ಕಂಡಳು. ಅವನು ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಬೇಗ ಹೊರಟುಬಿಟ್ಟ.

*

ಸೋಮವಾರ ಅವನು ಮೇಡಂ ಕೋಣೆಗೆ ಹೋಗುತ್ತಾನೆ ಎಂದು ಶಿರೀನ್ ಕಾದಳು. ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ. ಶುಕ್ರವಾರದ ಸಭೆಯಲ್ಲಿ, ಹೇಳುವಂಥದ್ದು ಇನ್ನೂ ಏನಿಲ್ಲ ಎಂದು ಕೂತ.

ಕಂಡದ್ದನ್ನು ಕಂಡ ಕೂಡಲೇ ಹೇಳುವ ಚಟದವನು! ಅವಳದೆನಿಸಿದ ತಪ್ಪು ಎಂಟು ಜನರ ಮುಂದೆ ಬಂತು. ಅವನದು ಭಾಂಡುಪಿನ ಊಟದ ತಟ್ಟೆಯ ಮುಂದೆಯೇ ಉಳಿಯಿತು.

ಭಾನುವಾರ ಅವನು ಬರಲಿಲ್ಲ. ಕೆಲಸವಿದೆ ಎಂದು ಅಮ್ಮಿಗೆ ಫೋನ್ ಮಾಡಿದ್ದನಂತೆ. ಅಬ್ಬಾ ಹನ್ನೆರಡರಿಂದ ಎರಡರವರೆಗೆ ಬಾಗಿಲ ಕಡೆ ನೋಡುತ್ತಾ ಕೂತರು. ಶಿರೀನ್ ಬಾಗಿಲ ಕಡೆ ನೋಡಲಿಲ್ಲ. ನೋಡಬಾರದೆಂದು ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು.

ತಾನೇ ಹೋಗಿ ಮೇಡಂಗೆ ಹೇಳಬಹುದಿತ್ತು. ಹೇಳಲಿಲ್ಲ. ಅವನ ಬಾಯಿಂದಲೇ ಬರಬೇಕು ಎಂಬ ಹಟ. ಹಟದ ಕೆಳಗೆ ಇನ್ನೊಂದಿತ್ತು. ಅವನು ಕೆಟ್ಟವನಲ್ಲ ಎಂದು ಅವನೇ ತೋರಿಸಿಕೊಡಲಿ ಎಂಬ ಆಸೆ. ಅದು ಅವಳನ್ನು ಹಟಕ್ಕಿಂತ ಹೆಚ್ಚು ಸುಟ್ಟಿತು.

ಎರಡನೆಯ ವಾರದ ಗುರುವಾರ ಅವನು ಅವಳ ಮೇಜಿನ ಬಳಿ ಬಂದು, ಆರು ಮಾದರಿಗಳಿದ್ದ ತಟ್ಟೆಗಳನ್ನಿಟ್ಟ. ಮೇಲೆ ಹೆಸರಿಲ್ಲ, ಒಂದರಿಂದ ಆರರವರೆಗೆ ಅಂಕಿ ಮಾತ್ರ. ಇವುಗಳ ಉರಿಯೂತ ಅಳೆದುಕೊಡಿ, ಯಾವುದು ಏನೆಂದು ಈಗ ಕೇಳಬೇಡಿ ಎಂದ.

ಅವಳು ತಲೆಯೆತ್ತದೆ ತೆಗೆದುಕೊಂಡಳು. ಎರಡು ದಿನ ಅಳೆದಳು. ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು, ಒಂದು ಮಾತೂ ಸೇರಿಸದೆ ಅವನ ಮೇಜಿನ ಮೇಲಿಟ್ಟಳು. ಮುಂದಿನ ಭಾನುವಾರವೂ ಅವನು ಬರಲಿಲ್ಲ.

*

ಮುಂದಿನ ಶುಕ್ರವಾರ ಸಭೆ ಹನ್ನೊಂದಕ್ಕೆ. ಒಂಬತ್ತಕ್ಕೆ ಶಿರೀನ್ ಬಂದಾಗ ಅವನು ಕೋಶಗಳ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಎರಡು ಹಾಳೆ.

"ಈ ಸಲ ಮೊದಲ ನಿಮಗ ಹೇಳಾಕ ಬಂದೀನ್ರಿ," ಎಂದ.

ಒಂದು ಹಾಳೆಯಲ್ಲಿ ಅವಳ ಅಂಕಿಗಳು. ಇನ್ನೊಂದರಲ್ಲಿ ಯಾವ ತಟ್ಟೆಗೆ ಏನು ಹಾಕಿದ್ದು ಎಂಬುದು. ಎರಡನ್ನೂ ಪಕ್ಕಪಕ್ಕ ಹಿಡಿದ.

ಒಂದನೆಯದು ಅವನ ಹಳೆಯ ರೀತಿ, ಆರಿಸಿ ಸೋಸಿದ್ದು. ಶಾಂತ. ಎರಡನೆಯದು ಕಾಯಿಸುವ ಬಿಸಿನೀರಿನ ಪಾತ್ರೆಯನ್ನೇ ಎಸಿ ಕೋಣೆಗೆ ಒಯ್ದು, ಬಿಸಿಯಿದ್ದಾಗಲೇ ಸೋಸಿದ್ದು. ಕೋಶಗಳು ಕೆರಳಿದ್ದವು. ಶಿರೀನಳ ಎದೆ ಹಗುರವಾಯಿತು. ನಾಲ್ಕು ವರ್ಷ ಸುಳ್ಳಾಗಿರಲಿಲ್ಲ...

ಮೂರನೆಯದು ಅವಳದೇ ರೀತಿ. ಇನ್ನೂ ಹೆಚ್ಚು ಕೆರಳಿದ್ದವು. ನಾಲ್ಕನೆಯದು ಬರೀ ಆಲ್ಕೋಹಾಲು; ಶಾಂತ. ಐದನೆಯದು ಅವನು ಬಳಸುವ ಬಾಟಲಿಯ ಆಲ್ಬುಮಿನ್, ಅದೂ ಶಾಂತ.

ಆರನೆಯದರ ಮೇಲೆ ಅವನು ಬೆರಳಿಟ್ಟ. ಅದು ಅವಳು ನಾಲ್ಕು ವರ್ಷ ಬಳಸಿದ ಬಾಟಲಿಯ ಆಲ್ಬುಮಿನ್. ಕೊಬ್ಬಿಲ್ಲ, ಏನಿಲ್ಲ. ಆದರೂ ಕೋಶಗಳು ಕೆರಳಿದ್ದವು. ಅವಳ ಎತ್ತರದ ಕಂಬದ ಹೆಚ್ಚುಕಡಿಮೆ ಅರ್ಧದಷ್ಟು.

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. ಹಿಂದಿನವರು ಬಿಟ್ಟುಹೋದ ವಿಧಾನ ಅದು. ಕಂಟ್ರೋಲ್ ತಟ್ಟೆಗೆ ಆಲ್ಕೋಹಾಲು ಮಾತ್ರ ಹಾಕು ಎಂದಿತ್ತು. ಅವಳು ಹಾಕಿದಳು. ಕೊಬ್ಬನ್ನು ಹೊತ್ತು ತರುವ ಆಲ್ಬುಮಿನನ್ನು ಅಲ್ಲಿಗೂ ಹಾಕಬೇಕು ಎಂದು ಒಮ್ಮೆಯೂ ಹೊಳೆಯಲಿಲ್ಲ. ಆ ಬಾಟಲಿಯಲ್ಲಿ ಬ್ಯಾಕ್ಟೀರಿಯಾದ ಶೇಷ ಸೇರಿರಬೇಕು. ಕೋಶಗಳು ಅದಕ್ಕೂ ಕೆರಳುತ್ತಿದ್ದವು, ಅವಳು ಎಲ್ಲವನ್ನೂ ಕೊಬ್ಬಿನ ಹೆಸರಿಗೆ ಬರೆಯುತ್ತಿದ್ದಳು.

"ಎರಡನೇ ಭಾನುವಾರ ನೀವು ನಿಮ್ಮ ರೀತಿ ಹೇಳಿದಾಗನ ಇದರ ಮ್ಯಾಲ ಅನುಮಾನ ಬಂದಿತ್ತು," ಎಂದ ಯೂನುಸ. "ಖಾತ್ರಿ ಇಲ್ದ ಮತ್ತ ಬಾಯಿ ಬಿಡಬಾರದು ಅಂತ ಸುಮ್ನಿದ್ದೆ. ನಂದು ತಪ್ಪು ಅಂತ ಸೋಮವಾರನ ಹೇಳಿದ್ರ ಮೇಡಂ ನಿಮ್ಮ ಪೇಪರ್ ಕಳಿಸಿಬಿಡ್ತಿದ್ರು. ಅಚ್ಚಾದ ಮ್ಯಾಲ ಯಾರರ ಈ ಆರನೇದು ಮಾಡಿ ನೋಡಿದ್ರ? ಮುಜಾಹಿದಂದು ನೋಡೀನಿ. ನಿಮ್ದು ನೋಡಾಕ ಆಗೂದಿಲ್ರಿ ನನಗ."

ಇಷ್ಟು ದಿನ ಅವನನ್ನು ಏನೆಲ್ಲ ಅಂದುಕೊಂಡಿದ್ದಳೋ ಅದೆಲ್ಲ ಅವಳಿಗೆ ಒಟ್ಟಿಗೆ ನೆನಪಾಯಿತು. ಅಳು ಬಂತು. ನಾಲ್ಕು ವರ್ಷದ ಅರ್ಧ ಹೋದದ್ದಕ್ಕೆ ಅಷ್ಟು, ಅವನನ್ನು ತಪ್ಪು ತಿಳಿದದ್ದಕ್ಕೆ ಇಷ್ಟು.

"ನಿಮ್ದು ನೀವ್ ಹೇಳ್ರಿ," ಎಂದಳು ಕಣ್ಣೊರೆಸಿಕೊಂಡು. "ಆರನೇದು ನಂದು. ನಾ ಹೇಳ್ತೀನಿ."

ಹಾಗೆಯೇ ಆಯಿತು. ಎದ್ದು ನಿಂತು ಯೂನುಸ ಮೊದಲು ತನ್ನ ಜಾಲರಿಯ ಕಥೆ ಹೇಳಿದ. ಭಾಂಡುಪಿನ ಸಾಬೂನು ಕಾರ್ಖಾನೆಯ ಕುತುಬುದ್ದೀನ್ ಸಾಹೇಬರು ಇದನ್ನು ಹಿಡಿದುಕೊಟ್ಟರು ಎಂದೂ ಹೇಳಿದ. ಆಮೇಲೆ ಶಿರೀನ್ ಎದ್ದಳು. ಆರನೆಯ ತಟ್ಟೆಯನ್ನು ಅವಳು ಉಳಿದೆಲ್ಲಕ್ಕಿಂತ ದೊಡ್ಡದಾಗಿ ಪರದೆಯ ಮೇಲೆ ತೋರಿಸಿದಳು.

ಶೀಲಾವತಿ ಮೇಡಂ ಕನ್ನಡಕ ಹಾಕಿಕೊಂಡು ಆರೂ ಅಂಕಿಗಳನ್ನು ಇನ್ನೊಮ್ಮೆ ಓದಿದರು. ಕೊಬ್ಬು ಕೋಶಗಳನ್ನು ಕೆರಳಿಸುತ್ತದೆ ಎಂಬುದು ನಿಂತಿದೆ. ಎಷ್ಟು ಎಂಬುದು ತಯಾರಿಸಿದ ರೀತಿಯ ಮೇಲಿದೆ. ಇದನ್ನೇ ಹೊಸದಾಗಿ ಬರೆಯಿರಿ ಎಂದರು ಕೊನೆಗೆ. ಲೇಖನದಲ್ಲಿ ಇಬ್ಬರ ಹೆಸರು. ಪ್ರಬಂಧಕ್ಕೆ ಎರಡು ತಿಂಗಳ ಹೆಚ್ಚಿನ ಸಮಯ ಕೇಳುವ ಪತ್ರಕ್ಕೆ ತಾವೇ ಸಹಿ ಹಾಕುವುದಾಗಿ ಹೇಳಿದರು.

*

ಸಂಜೆ ಪರೇಲ್ ಸ್ಟೇಶನ್ನಿನಲ್ಲಿ ಶಿರೀನ್ ಲೇಡೀಸ್ ಡಬ್ಬಿ ನಿಲ್ಲುವ ಜಾಗದಲ್ಲಿ ನಿಂತಿದ್ದಳು. ಯೂನುಸ ಅಲ್ಲಿಗೆ ಬಂದು ನಿಂತ. ಕುರ್ಲಾದವರೆಗೆ ಇಬ್ಬರದೂ ಒಂದೇ ರೈಲು, ಡಬ್ಬಿ ಬೇರೆ. ಠಾಣೆಯ ಸ್ಲೋ ಲೋಕಲ್ ನಾಲ್ಕು ನಿಮಿಷ ತಡ ಎಂದು ಬೋರ್ಡು ತೋರಿಸುತ್ತಿತ್ತು.

"ಅಬ್ಬಾ ಎರಡು ಸಂಡೇ ದಾರಿ ನೋಡಿದ್ರು," ಎಂದಳು ಅವಳು. "ಯಾಕ ಬರ್ಲಿಲ್ಲ?"

"ಕೋಶಗಳನ್ನ ಭಾನುವಾರನೂ ನೋಡ್ಕೋಬೇಕಲ್ರಿ."

"ಅದು ಒಂದು ತಾಸಿನ ಕೆಲಸ. ನನಗ ಗೊತ್ತಿಲ್ಲೇನು?"

ಅವನ ಕಿವಿ ಕೆಂಪಾಯಿತು. ಅವಳು ನೋಡುತ್ತಲೇ ಇದ್ದಳು.

"ನಿಮ್ಮ ಮನಿಗೆ ಬಂದ್ರ ಭಾಳ ಖುಷಿ ಆಗ್ತಿತ್ತು," ಎಂದ ಅವನು ಹಳಿಗಳ ಕಡೆ ನೋಡುತ್ತಾ. "ಯಾತಕ್ಕ ಅಂತ ತಿಳೀಲಿಲ್ಲ. ಚಾಚಿ ರೊಟ್ಟಿಗೋ, ಚಾಚಾನ ಮಾತಿಗೋ, ಕನ್ನಡ ಕೇಳ್ತದ ಅಂತನೋ. ಅದಕ್ಕ ಒಂದು ಭಾನುವಾರ ಕುರ್ಲಾದಾಗ ಖಾನಾವಳಿ ಹುಡುಕಿ ಜೋಳದ ರೊಟ್ಟಿ ತಿಂದೆ. ಎರಡನೇ ಭಾನುವಾರ ಅಲ್ಲೇ ಉಂಡು, ಊರಾಗ ನಮ್ಮ ಕಾಕಾಗ ಫೋನ್ ಹಚ್ಚಿ ಒಂದು ತಾಸು ಕನ್ನಡದಾಗ ಮಾತಾಡಿದೆ. ಎಲ್ಲಾ ಇತ್ರಿ. ಒಂದನ್ನ ಅಷ್ಟ ಬಿಟ್ಟಿದ್ದೆ."

ಇಂಥ ಕಂಟ್ರೋಲ್ ಯಾರಾದರೂ ಮಾಡಿದ್ದನ್ನು ಶಿರೀನ್ ಕೇಳಿರಲಿಲ್ಲ.

"ಏನ್ ಕಾಣಿಸ್ತು?" ಎಂದಳು ಮೆಲ್ಲಗೆ.

"ರೊಟ್ಟಿ ಗಂಟಲಾಗ ಇಳೀಲಿಲ್ಲ. ಕಾಕಾಗ ಹೇಳಿದ್ದೆಲ್ಲಾ ನಿಮ್ಮದ ಮಾತು." ಅವನು ತಿರುಗಿ ನೇರ ನೋಡಿದ. "ನನಗ ನೀವು ಬೇಕ್ರಿ, ಶಿರೀನ್."

ರೈಲು ಬಂತು. ಹೆಂಗಸರು ಇಳಿದರು, ಹೆಂಗಸರು ಹತ್ತಿದರು. ಅವಳು ಹತ್ತಲಿಲ್ಲ. ರೈಲು ಹೋಯಿತು.

"ಎರಡ ಸಲ ಮಾಡಿದ್ರ ಸಾಲೂದಿಲ್ಲ," ಎಂದಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. "ಮೂರು ಸಲ ಮಾಡಬೇಕು. ರೂಲ್ ಐತಿ."

"ಮೂರನೇದು ಮಾಡೂ ಶಕ್ತಿ ನನಗಿಲ್ರಿ."

"ಹಂಗಾದ್ರ ಈ ಭಾನುವಾರ ಹನ್ನೆರಡಕ್ಕ ಬನ್ನಿ. ಅಮ್ಮಿಗೂ ಅಬ್ಬಾಗೂ ನಾನೇ ಹೇಳ್ತೀನಿ."

"ಏನಂತ ಹೇಳ್ತೀರಿ?"

ಶಿರೀನ್ ಅವನ ಕೈ ಹಿಡಿದುಕೊಂಡಳು. ಸಿರಿಂಜು ಒತ್ತಿ ಒತ್ತಿ ಹೆಬ್ಬೆರಳ ತುದಿ ದಡ್ಡುಗಟ್ಟಿತ್ತು.

"ಹೆಂಗಾಯ್ತು ಅಂತ," ಎಂದಳು. "ಮೊದಲಿಂದ. ಒಂದೂ ಬಿಡದ."